ಸುಮ್ನ ಹೋಗಿದ್ವಿ

1/8

ಹೋದ ರವಿವಾರ ಸಂಜೆ ನಾವಿಬ್ಬರೂ ಗದಗಿಗೆ ಹೋಗಿದ್ವಿ. ಭೀಷ್ಮ ಕೆರಿ ದಂಡಿ ಮ್ಯಾಲೆ, ಬಸವಣ್ಣನ ಮೂರ್ತಿ ಕಾಣೂ ಹಂಗ ಕುಂತು, ಒಂದ ಪೊಟ್ಟಣ ಗಿರ್ಮಿಟ್ ಇಬ್ಬರೂ ತಿಂದ್ವಿ. ನಮ್ಮ ಮನಿಯವ್ರು ಹಸಿಮೆಣಸಿನಕಾಯಿ ನನ್ನ ಕಡೆ ಸರಿಸಿದ್ರು, ನಾನು ಮ್ಯಾಲಿನ ಸೇವು ಎಲ್ಲಾ ಆರಿಸಿ ತಿಂದೆ. ಅಷ್ಟ. ಕತ್ತಲ ಆಗೂದ್ರೊಳಗ ಕುರ್ತಕೋಟಿ ಮುಟ್ಟಿದ್ವಿ.

ಸೋಮವಾರ ಬೆಳಿಗ್ಗೆ ಕ್ಲಾಸ್ ಗ್ರೂಪ್ ತೆಗೆದ್ರೆ ಹದಿನೇಳು ಸೆಕೆಂಡಿನ ಒಂದು ವಿಡಿಯೋ. ಹಿಂದಿನಿಂದ ತೆಗೆದದ್ದು. ಒಬ್ಬ ಹುಡುಗ, ಒಬ್ಬಾಕಿ ಹುಡುಗಿ. ಹುಡುಗಿ ಕೈ ಚಾಚಿ ಹುಡುಗನ ಗಲ್ಲಕ್ಕ ಹತ್ತಿದ್ದು ಏನೋ ಒರೆಸ್ತಾಳ. ಕೆಳಗ ಬರೆದಿತ್ತು: "ಕೆರಿ ದಂಡಿ ಲವ್ ಸ್ಟೋರಿ. ಯಾರಿವ್ರು? ಗುರುತು ಹಿಡೀರಿ." ಇಪ್ಪತ್ತಕ್ಕೂ ಹೆಚ್ಚು ನಗುವ ಇಮೋಜಿ. ನಾನೂ ಒಂದು ಕ್ಷಣ ನಗಾಕ ಹೊಂಟಿದ್ದೆ. ಆಮ್ಯಾಲೆ ಆ ನೀಲಿ ದುಪಟ್ಟಾ ನೋಡಿದೆ. ನಂದ.

ಹತ್ತು ನಿಮಿಷದಾಗ ಯಾರೋ ಗುರುತು ಹಿಡಿದ್ರು. ವಿಡಿಯೋ ಡಿಲೀಟ್ ಆತು. ಹಾಕಿದಾಂವ ನನಗ ಬ್ಯಾರೆ ಮೆಸೇಜ್ ಕಳಿಸಿದ: "ಸಾರಿ ಅಕ್ಕಾ. ನೀವು ಅಂತ ಗೊತ್ತಾಗ್ಲಿಲ್ಲ. ಮದುವಿ ಆದವ್ರು ಅಂತ ಗೊತ್ತಿದ್ರ ಹಾಕ್ತಿರ್ಲಿಲ್ಲ."

(ಇಷ್ಟು ದಿನ ಹೆಸರು ಹಿಡಿದು ಕರೀತಿದ್ದಾಂವ. ಒಂದ ವಿಡಿಯೋಕ್ಕ ಅಕ್ಕ ಆದೆ.)

ಆ ವಿಡಿಯೋ ನೋಡಿ ನನಗ ನಾಚಿಕಿ ಬಂತು, ಖರೆ. ಆದ್ರ ಸಿಟ್ಟು ಬಂದದ್ದು ಆ ಸಾರಿ ಓದಿ. ಅದಕ್ಕ ಈ ಸರಣಿ. ಎಂಟು ಭಾಗ ಅದಾವ. ಓದಾಕ ಟೈಮ್ ಇಲ್ಲದವ್ರು ಮುಂದ ಸರೀರಿ, ನನಗೇನೂ ಬ್ಯಾಸರಿಲ್ಲ.

2/8

"ಮದುವಿ ಆದವ್ರು ಅಂತ ಗೊತ್ತಿದ್ರ ಹಾಕ್ತಿರ್ಲಿಲ್ಲ." ಈ ಮಾತನ್ನ ತಿರುಗಿಸಿ ಓದ್ರಿ. ಮದುವಿ ಆಗಿರದಿದ್ರ ಹಾಕಬಹುದಿತ್ತು. ಆಗ ಅದು ತಪ್ಪಲ್ಲ, ತಮಾಷೆ. ನನ್ನ ಕೊರಳಾಗಿನ ತಾಳಿ ಒಂದು ಲೈಸೆನ್ಸ್. ಅದನ್ನ ನಾನು ದುಪಟ್ಟಾ ಹೊರಗ ಹಾಕ್ಕೊಂಡು ಕುಂಡ್ರಲಿಲ್ಲ, ಅದು ನನ್ನ ತಪ್ಪು!

ನಮ್ಮ ಜೊತಿ ಪಿಯುಸಿ ಓದಿದಾಕಿ ಒಬ್ಬಳಿದ್ದಳು. ಬಸ್‌ಸ್ಟ್ಯಾಂಡಿನಾಗ ಒಬ್ಬ ಹುಡುಗನ ಜೊತಿ ನಿಂತು ಕಬ್ಬಿನ ಹಾಲು ಕುಡಿಯೂ ಫೋಟೋ ಯಾರೋ ತೆಗೆದು ಹರಿಬಿಟ್ರು. ಆ ಹುಡುಗ ಆಕಿ ಸ್ವಂತ ದೊಡ್ಡವ್ವನ ಮಗ. ಅದು ಮನಿಯವ್ರಿಗೂ ಗೊತ್ತು. ಆದ್ರ "ಊರಿನವ್ರಿಗೆ ಗೊತ್ತಿಲ್ಲಲ್ಲ" ಅಂತ ಹೇಳಿ ಕಾಲೇಜ್ ಬಿಡಿಸಿದ್ರು. ಕ್ಲಾಸಿನೊಳಗ ನನಗಿಂತ ಜಾಣಿ ಆಕಿ. ಈಗ ಆಕಿ ನಂಬರೂ ನನ್ನ ಕಡೆ ಇಲ್ಲ. ಫೋಟೋ ತೆಗೆದಾಂವ ಮಾತ್ರ ಪರೀಕ್ಷೆ ಬರೆದ, ಪಾಸ್ ಆದ, ಆರಾಮ ಅದಾನ.

ಹದಿನೇಳು ಸೆಕೆಂಡಿಗೆ ಇಷ್ಟು ಬೆಲಿ. ನೀವು ಇಮೋಜಿ ಒತ್ತಿ ಮರೀತೀರಿ.

ಇನ್ನ ಮದುವಿ ಆದವ್ರನ್ನರ ಬಿಡ್ತಾರೇನು? 2022ರ ಡಿಸೆಂಬರ್‌ದಾಗ ಬೆಂಗಳೂರಿನಾಗ ಏನಾತು ನೆನಪಿರಬೇಕು. ಗಂಡ ಹೆಂಡತಿ ಬರ್ತ್‌ಡೇ ಪಾರ್ಟಿ ಮುಗಿಸಿ ನಡಕೋತ ತಮ್ಮ ಮನಿಗೆ ಹೊಂಟಿದ್ರು. ಮಾನ್ಯತಾ ಟೆಕ್ ಪಾರ್ಕ್ ಹತ್ರ, ಮಧ್ಯರಾತ್ರಿ ದಾಟಿತ್ತು. ಪೊಲೀಸರು ನಿಲ್ಲಿಸಿ, ಐಡಿ ಕೇಳಿ, ರಾತ್ರಿ 11ರ ಮ್ಯಾಲೆ ರಸ್ತೆದಾಗ ತಿರುಗಾಡೂ ಹಂಗಿಲ್ಲ ಅಂತ ಹೇಳಿ 3000 ರೂಪಾಯಿ ದಂಡ ಕೇಳಿದ್ರು. ಕಡೀಕ 1000 ಹಾಕಿಸಿಕೊಂಡು ಬಿಟ್ರು. ಗಂಡ ಟ್ವಿಟ್ಟರ್‌ನೊಳಗ ಬರೆದ ಮ್ಯಾಲೆ ಇಬ್ಬರು ಪೊಲೀಸರು ಸಸ್ಪೆಂಡ್ ಆದ್ರು. ಅದು ರಾಜಧಾನಿ. ಅವರಿಗೆ ಟ್ವಿಟ್ಟರ್ ಇತ್ತು. ಕೆರಿ ದಂಡಿ ಮ್ಯಾಲೆ ಕುಂತಾಕಿಗೆ ಏನೈತಿ?

ನಮಗ ಸಂವಿಧಾನದ ಪೇಪರ್ ಐತಲ್ಲ, ಪಾಸ್ ಆದ ಮ್ಯಾಲೆ ಯಾರೂ ಹಿಂತಿರುಗಿ ನೋಡದ ಪೇಪರ್. ಅದರೊಳಗ ಪುಟ್ಟಸ್ವಾಮಿ ಕೇಸ್ ಅಂತ ಬರ್ತೈತಿ. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ರು. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಒಬ್ಬರ ಖಾಸಗಿತನ ಹೋಗಿಬಿಡೂದಿಲ್ಲ ಅನ್ನೂದೂ ಆ ತೀರ್ಪಿನೊಳಗ ಐತಿ. ಐದು ಮಾರ್ಕಿಗೆ ಬರೆದ್ವಿ ಎಲ್ಲಾರೂ. ವಿಡಿಯೋ ಹಾಕಿದಾಂವನೂ ಬರೆದಿದ್ದ.

3/8

ಆದ್ರ ಅಂವ ಆಕಾಶದಿಂದ ಉದುರಿಲ್ಲ. ನಮ್ಮ ಓಣಿಯೊಳಗ ಬೆಳೆದಾಂವ. ಅಂವ ಫೋನ್ ಹಿಡಿದು ಕೇಳಿದ್ದನ್ನ ನಮ್ಮ ಓಣಿ ಬಾಗಿಲದಾಗ ನಿಂತು ಬಾಯಿಂದ ಕೇಳ್ತೈತಿ.

ಅವತ್ತ ಸಂಜೆ ಗಾಡಿ ಇಳಿಯೂದ್ರೊಳಗ ಬಾಜು ಮನಿ ಕಾಕಿ: "ಎಲ್ಲಿ ಹೋಗಿದ್ರೆವಾ ಜೋಡಿಲೆ?"
"ಗದಗಿಗೆ ಕಾಕಿ."
"ಏನ್ ಕೆಲಸಿತ್ತು?"
"ಕೆಲಸ ಏನಿಲ್ರಿ. ಸುಮ್ನ ಹೋಗಿದ್ವಿ."
"ಸುಮ್ನ?"

ಆ "ಸುಮ್ನ?" ಕೇಳಬೇಕು ನೀವು. ಏನೋ ಕಳುವಾದಂಗ. ಕಾಕಿ ಕೆಟ್ಟಾಕಿ ಅಲ್ಲ, ನನಗ ಜ್ವರ ಬಂದಾಗ ಗಂಜಿ ಮಾಡಿ ತಂದಾಕಿ. ಆದ್ರ ಗಂಡ ಹೆಂಡತಿ ಸುಮ್ನ ಹೊರಗ ಹೋಗಬಹುದು ಅನ್ನೂದು ಆಕಿ ಲೆಕ್ಕದಾಗ ಇಲ್ಲ.

ಬಿಕಾಂ ಓದೂ ಮಂದಿಗೆ ಈ ಸಮಸ್ಯೆ ಲಗೂನ ತಿಳೀತೈತಿ. ವೋಚರ್ ಇಲ್ಲದ ಎಂಟ್ರಿ ಇಲ್ಲ. ಮದುವಿ ಆದಾಕಿ ಹೊರಗ ಹೋಗಿ ಬಂದ್ರ ಕೈಯಾಗ ಒಂದು ವೋಚರ್ ಇರಬೇಕು. ಗುಡಿಗೆ ಹೋದ್ರ ಒಡೆದ ಕಾಯಿ ಹೋಳು. ದವಾಖಾನಿಗೆ ಹೋದ್ರ ಗುಳಿಗಿ ಚೀಟಿ. ಸಂತಿಗೆ ಹೋದ್ರ ಕಾಯಿಪಲ್ಲೆ ಚೀಲ. ಯಾರದರ ಮದುವಿಗೆ ಹೋದ್ರ ಎಲಿ ಅಡಿಕಿ. ಇವು ನಾಲ್ಕೂ ಇಲ್ಲಂದ್ರ ಆ ಎಂಟ್ರಿ ಸಸ್ಪೆನ್ಸ್ ಅಕೌಂಟಿಗೆ ಹೋಗ್ತೈತಿ, ಓಣಿಯ ಎಲ್ಲಾ ಕಟ್ಟಿ ಮ್ಯಾಲೆ ಆಡಿಟ್ ಆಗ್ತೈತಿ.

ನಾನೇನು ಸತ್ಯವಂತಿ ಅಲ್ಲ. ಮದುವಿ ಆದ ಹೊಸತರಾಗ ವೀರನಾರಾಯಣನ ಗುಡಿಗೆ ಹೋಗಿ ಬರ್ತೀವಿ ಅಂತ ಹೇಳಿ ಸಿನಿಮಾಕ್ಕ ಹೋಗಿದ್ವಿ. ಸಿನಿಮಾ ಬಿಟ್ಟಾಗ ತಡ ಆಗಿತ್ತು. ಗುಡಿ ಬಾಗಿಲಕ್ಕ ಹೋಗಿ ಹೊರಗ ನಿಂತು ಕೈ ಮುಗಿದು, ಬಾಜು ಅಂಗಡಿಯೊಳಗ ಕುಂಕುಮದ ಪೊಟ್ಟಣ ಕೊಂಡು, ಇಬ್ಬರೂ ಹಣಿಗೆ ಹಚ್ಚಿಕೊಂಡು ಮನಿಗೆ ಬಂದ್ವಿ. ಖೊಟ್ಟಿ ವೋಚರ್! ಗದುಗಿನ ಭಾರತ ಹುಟ್ಟಿದ ಗುಡಿ ಅಂತ ಹೆಸರಾದ ಜಾಗಾನ ನಾವು ಸುಳ್ಳಿಗೆ ರಸೀದಿ ಮಾಡಿಕೊಂಡ್ವಿ. ಆವತ್ತ ರಾತ್ರಿ ನಗು ಬಂತು, ಮರುದಿನ ಸಂಕಟ ಆತು. ಲಗ್ನ ಆದ ಗಂಡನ ಜೊತಿ ಸಿನಿಮಾ ನೋಡಾಕ ನಾ ಯಾಕ ದೇವರ ಹೆಸರಿಲೆ ಸುಳ್ಳ ಹೇಳಬೇಕು?

4/8

ಸಣ್ಣ ಭಾಗ ಇದು. ಫೋಟೋ ನೋಡ್ರಿ: ಒಂದು ಪರದೆ. ಮಾಸಿದ ಹಸಿರು ಬಣ್ಣ, ಕೆಳಗ ಸಾರಿನ ಕಲೆ.

ಹೊಟೇಲಿನೊಳಗ ಹೆಣ್ಣಮಗಳ ಜೊತಿ ಹೋದ್ರ ಮಾಣಿ ಕೇಳೂದ ಬ್ಯಾಡ, ಕೈ ಮಾಡಿ ಒಳಗ ಕಳಿಸ್ತಾನ. "ಫ್ಯಾಮಿಲಿ ರೂಮ್ ಆ ಕಡೆ." ಕಿಟಕಿ ಇರೂದಿಲ್ಲ. ಫ್ಯಾನ್ ಇದ್ರ ಪುಣ್ಯ. ಹೊರಗ ಗಂಡಸರು ರಸ್ತೆ ನೋಡಕೋತ, ಗಾಳಿಗೆ ಕುಂತು ಚಾ ಕುಡೀತಾರ. ಒಳಗ ಫ್ಯಾಮಿಲಿ ಪರದೆ ನೋಡಕೋತ ಇಡ್ಲಿ ತಿಂತೈತಿ.

ಮರ್ಯಾದಿ ಸಲುವಾಗಿ ಅಂತಾರ. ನಮ್ಮ ಮರ್ಯಾದಿಗೆ ಧಕ್ಕಿ ತರೂದು ಹೊರಗ ಕುಂತವರ ಕಣ್ಣು ಅಂದ ಮ್ಯಾಲೆ ಪರದೆ ಅವರ ಮುಂದ ಕಟ್ಟಬೇಕಾಗಿತ್ತು. ನಾನು ಈಗ ಹೊರಗಿನ ಟೇಬಲ್ಲಿಗೆ ಕುಂಡ್ರತೀನಿ. ಮೊದಲನೇ ಸಲ ಮಾಣಿ ಬಂದು ನೀರು ಇಡಾಕ ಹತ್ತು ನಿಮಿಷ ತಗೊಂಡ. ಮೂರನೇ ಸಲ ಅವನ "ಅಕ್ಕಾ, ಕಿಟಕಿ ಕಡೆ ಬರ್ರಿ, ಗಾಳಿ ಐತಿ" ಅಂದ. ಚಟ ಬೀಳಿಸೂದು ಅಂದ್ರ ಇದ.

5/8

ನಮ್ಮ ಮನಿಯವ್ರನ್ನ ಹೊಗಳತೀನಿ ಅಂತ ಕಾಯ್ಕೊಂಡು ಕುಂತವ್ರಿಗೆ: ಇವತ್ತ ಇಲ್ಲ.

ಗದಗಿನಾಗ ಅವರು ನನ್ನ ಬಾಜು ನಡೀತಾರ. ಮಾತಾಡ್ತಾರ, ನಗ್ತಾರ, ಎಪಿಎಂಸಿ ದಲಾಲಿ ಅಂಗಡಿಯೊಳಗ ಲೆಕ್ಕ ಬರೆಯೂ ಕೆಲಸ ಅವರದ್ದು, ಅಲ್ಲಿನ ಕಥಿ ಎಲ್ಲಾ ಹೇಳ್ತಾರ. ಊರಾಗ ಇಳಿದ ಕೂಡಲೆ ನಾಲ್ಕು ಹೆಜ್ಜಿ ಮುಂದ. ಯಾಕ ಅಂದ್ರ ಕಟ್ಟಿ ಮ್ಯಾಲೆ ಗೆಳ್ಯಾರು ಕುಂತಿರ್ತಾರ. "ಏನೋ, ಹೆಂಡ್ತಿ ಬಾಲ ಹಿಡಕೊಂಡ ತಿರುಗಾಕತ್ತೀ" ಅಂತ ಒಂದು ಮಾತು ಬರ್ತೈತಿ. ಆ ಒಂದು ಮಾತಿಗೆ ನಾಲ್ಕು ಹೆಜ್ಜಿ.

ನಾನೂ ಏನು ಕಡಿಮಿಲ್ಲ. ಗಾಡಿ ಮ್ಯಾಲೆ ಬರೂವಾಗ ನನ್ನ ಕೈ ಅವರ ಭುಜದ ಮ್ಯಾಲೆ ಇರ್ತೈತಿ. ಎರಡೂ ಕಡೆ ಕರಿ ಹೊಲ, ಕಡ್ಲಿ, ಕುಸುಬಿ, ಗಾಳಿ, ಯಾರೂ ಇರೂದಿಲ್ಲ. ಊರ ಅಗಸಿ ಹತ್ರ ಬಂತು ಅಂದ್ರ ಕೈ ತಾನಾಗೇ ಜಾರಿ ಹಿಂದಿನ ಕಬ್ಬಿಣದ ಹಿಡಿಕಿಗೆ ಹೋಗ್ತೈತಿ. ಯಾರೂ ಹೇಳಿಕೊಟ್ಟಿಲ್ಲ. ನಮ್ಮವ್ವನ ಕೈಯೂ ಹಂಗ ಹೋಗ್ತಿತ್ತು ಅಂತ ಮೊನ್ನೆ ನೆನಪಾತು. ಅಪ್ಪನ ಲೂನಾ ಮ್ಯಾಲೆ, ಮುಂದ ನಾನು ನಿಂತಿರ್ತಿದ್ದೆ.

ಬಸವಣ್ಣನ ಮೂರ್ತಿ ನೋಡಕೋತ ಕುಂತಿದ್ವಿ ಅಂದ್ನಲ್ಲ. ಆ ಬಸವಣ್ಣನ ಕೂಟದಾಗ ಗಂಡ ಹೆಂಡತಿ ಜೋಡಿಲೆ ಇದ್ರು. ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನ ತಿರುಗಿ ಹಾಕಿ ಬಾ ಅಂತ ಗಂಡಗ ಹೇಳಿದಾಕಿ. ಗಂಗಾಂಬಿಕೆ, ನೀಲಾಂಬಿಕೆ ಇಬ್ಬರೂ ವಚನ ಬರೆದವ್ರು. ಬಸವ ಜಯಂತಿಗೆ ಮೆರವಣಿಗಿ ಮಾಡೂ ನಮ್ಮ ಹುಡುಗರು, ಮರುದಿನ ಅದ ಮೂರ್ತಿ ಮುಂದ ಕುಂತ ಜೋಡಿಗೆ ಸೀಟಿ ಹೊಡೀತಾರ.

6/8

ಈಗ ಇನ್ನೊಂದು ಗುಂಪು. ನನ್ನ ಗೆಳತ್ಯಾರು. ನೀವು ಓಣಿಯವ್ರಂಗ "ಯಾಕ ಹೋದ್ರಿ" ಅಂತ ಕೇಳೂದಿಲ್ಲ. "ಗದಗಿನಾಗ ಏನೈತೆ, ಹೋಗೂದಾದ್ರ ಗೋವಾಕ್ಕ ಹೋಗ್ರಿ" ಅಂತೀರಿ. ಎರಡೂ ಒಂದ ಅಂತ ನನಗ ಅನಸ್ತೈತಿ. ಓಣಿಗೆ ಗುಡಿಯ ಕಾಯಿ ಬೇಕು, ನಿಮಗ ಬೀಚ್ ಫೋಟೋ ಬೇಕು. ವೋಚರ್ ಕೇಳೂದು ಇಬ್ಬರೂ ಬಿಡೂದಿಲ್ಲ.

ಜನವರಿಯೊಳಗ ನಾವು ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಹೋಗಿದ್ವಿ. ಸ್ವೈಪ್ ಮಾಡ್ರಿ, ಫೋಟೋ ಸುಮಾರು ಬಂದಾವ, ಫೋನ್ ಹಳೇದು. ಕಾಣೂ ಕರಿ ಚುಕ್ಕಿ ಎಲ್ಲಾ ಪಟ್ಟೆತಲೆ ಹೆಬ್ಬಾತು. ತಲಿ ಮ್ಯಾಲೆ ಎರಡು ಕರಿ ಪಟ್ಟಿ ಇರ್ತಾವ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕ ಇಲ್ಲಿ ಬರ್ತಾವ. 2024ರ ಜನವರಿಯೊಳಗ ಈ ಕೆರಿ ರಾಮ್ಸಾರ್ ಪಟ್ಟಿಗೆ ಸೇರೇತಿ. ಅಂದ್ರ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಲೆಕ್ಕದಾಗ ನಮ್ಮ ಮಾಗಡಿ ಐತಿ. ನಮ್ಮ ಕ್ಲಾಸಿನಾಗ ಎಷ್ಟು ಮಂದಿ ನೋಡೀರಿ? ಕೈ ಎತ್ರಿ.

ಕೆರಿ ದಂಡಿ ಮ್ಯಾಲೆ ಇವರಂದ್ರು: "ಇವು ಜೋಡಿ ಜೋಡಿ ಇರ್ತಾವಂತ. ಮಂಗೋಲಿಯಾದಿಂದ ಬಂದ್ರೂ ಯಾರೂ ಯಾಕ ಬಂದ್ರಿ ಅನ್ನೂದಿಲ್ಲ. ನಾವು ಕುರ್ತಕೋಟಿಯಿಂದ ಬಂದಿದ್ದಕ್ಕ ಎಷ್ಟು ಮಂದಿಗೆ ಉತ್ತರ ಕೊಡಬೇಕು ನೋಡು." ನಾ ನಕ್ಕೆ. ಅವತ್ತ ನಾವು ಒಂದೂವರಿ ತಾಸು ಕುಂತ್ವಿ, ಅರ್ಧ ಹೊತ್ತು ಮಾತಾಡಲೇ ಇಲ್ಲ. ಮನಿಯೊಳಗ ಹಂಗ ಇರಾಕ ಆಗೂದಿಲ್ಲ. ಎರಡು ಖೋಲಿ, ಏಳು ಮಂದಿ. ಗಂಡ ಹೆಂಡತಿ ಹಗಲೊತ್ತು ಒಂದು ಮಾತು ಆಡಬೇಕಂದ್ರ "ಉಪ್ಪು ಎಲ್ಲೈತಿ" ಅನ್ನೂದ ಬಿಟ್ಟು ಬ್ಯಾರೆ ಆಡೂ ಹಂಗಿಲ್ಲ. ನಾನು ಮುಂದ ಎಂಕಾಂ ಮಾಡ್ಲೋ, ಬ್ಯಾಂಕ್ ಪರೀಕ್ಷೆಗೆ ಕುಂಡ್ರಲೋ ಅನ್ನೂದನ್ನ ಮಾತಾಡಿದ್ದು ಆ ಕೆರಿ ದಂಡಿ ಮ್ಯಾಲೆ. ಕೂಸು ಯಾವಾಗ ಅನ್ನೂ ಮಾತೂ ಅಲ್ಲೇ ಆತು. (ಈಗ ಬ್ಯಾಡ ಅಂತ ಆತು. ಕೇಳಬ್ಯಾಡ್ರಿ.) ಇಂಥ ಮಾತಿಗೆ ಜಾಗಾ ಬೇಕು. ಗೋವಾ ಬೇಕಾಗಿಲ್ಲ.

ಲಕ್ಕುಂಡಿಗೂ ಹೋಗಿ ಬಂದ್ವಿ. ಮುಸುಕಿನ ಬಾವಿ ಮೆಟ್ಟಿಲ ಮ್ಯಾಲೆ ತಂಪಂದ್ರ ತಂಪು. ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಾಕಿ ಅತ್ತಿಮಬ್ಬೆ, 1007ರ ಶಾಸನ ಐತಿ. ಗಂಡ ನಾಗದೇವ ಯುದ್ಧದಾಗ ಸತ್ತ ಮ್ಯಾಲೆ ಆಕಿ ಮೂಲಿ ಹಿಡಿದು ಕುಂಡ್ರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು. ಆಕಿ ಹೆಸರಿಲೆ ಪ್ರಶಸ್ತಿ ಕೊಡೂ ನಾಡಿನಾಗ ನಾನು ಲಕ್ಕುಂಡಿ ನೋಡಿ ಬಂದೆ ಅಂದ್ರ "ಅಲ್ಲೇನ್ ಕೆಲಸಿತ್ತು" ಅಂತಾರ.

7/8

ಆಕ್ಷೇಪಣೆ ಬಂದಾವ, ಉತ್ತರ ಕೊಡತೀನಿ.

"ರೊಕ್ಕ ದಂಡ." ಕೆರಿಗೆ ಹೋದ ದಿನದ ಲೆಕ್ಕ ಇಟ್ಟೀನಿ. ಪೆಟ್ರೋಲ್, ಗಿರ್ಮಿಟ್, ಎರಡು ಚಾ, ಎಲ್ಲಾ ಸೇರಿ 150ರ ಒಳಗ. ಬಸ್ಸಿಗೆ ಹೋದ ದಿನ ಇನ್ನೂ ಕಡಿಮಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಿ, ನನ್ನದು ಶೂನ್ಯ ಟಿಕೆಟ್, ಅವರದ್ದಷ್ಟ ರೊಕ್ಕ. ಗಂಡಸರು ದಿನಾ ಕಟ್ಟಿ ಮ್ಯಾಲೆ ಕುಂತು ಗುಟ್ಕಾ, ಚಾ, ಸಿಗರೇಟಿಗೆ ಹಾಕೂದನ್ನ ತಿಂಗಳಿಗೆ ಕೂಡಿಸಿ ನೋಡ್ರಿ. ಆ ಖರ್ಚಿಗೆ ವೋಚರ್ ಯಾರರ ಕೇಳ್ಯಾರೇನು? ಹೆಂಗಸರು ಪುಕ್ಕಟೆ ಬಸ್ಸು ಹತ್ತಿ ಸುಮ್ನ ತಿರುಗಾಡಾಕತ್ತಾರ ಅಂತ ನಗೂ ಮಂದಿಗೆ ಒಂದ ಮಾತು: ಹೌದು, ತಿರುಗಾಡಾಕತ್ತಾರ. ಎಷ್ಟೋ ಮಂದಿ ಹುಟ್ಟಿದ ಮ್ಯಾಲೆ ಮೊದಲನೇ ಸಲ.

"ನೀ ಹತ್ತೊಂಬತ್ತಕ್ಕ ಮದುವಿ ಆಗಿ ಈಗ ಸ್ವಾತಂತ್ರ್ಯದ ಮಾತಾಡ್ತಿ." ಇದು ನಿಜ, ಚುಚ್ಚೈತಿ. ಲಗೂ ಮದುವಿ ಮಾಡ್ಕೋರಿ ಅಂತ ನಾ ಯಾರಿಗೂ ಹೇಳೂದಿಲ್ಲ, ನನ್ನ ತಂಗಿಗಂತೂ ಹೇಳೂದಿಲ್ಲ. ನನ್ನ ಪೋಸ್ಟ್ ನೋಡಿ ಮದುವಿ ಅಂದ್ರ ಗಿರ್ಮಿಟ್ ಅಂತ ತಿಳಕೋಬ್ಯಾಡ್ರಿ. ಇಂಟರ್ನಲ್ಸ್ ದಿನಾನೂ ನಾ ಮೂವತ್ತು ರೊಟ್ಟಿ ಬಡದ ಬಂದು ಪರೀಕ್ಷೆ ಬರೀತೀನಿ. ಅದರ ಫೋಟೋ ಹಾಕಿಲ್ಲ, ಅಷ್ಟ.

"ಸಾರ್ವಜನಿಕ ಜಾಗದಾಗ ಅಸಭ್ಯ." ಗಲ್ಲಕ್ಕ ಹತ್ತಿದ ಸೇವು ಒರೆಸೂದು ಅಸಭ್ಯ, ಅದ ಜಾಗದಾಗ ಗೋಡಿಗೆ ನಿಂತು ಮೂತ್ರ ಮಾಡೂದು ಸಹಜ. ಆ ವಿಡಿಯೋ ಯಾರೂ ಮಾಡೂದಿಲ್ಲ. ಹೆಣ್ಣಮಕ್ಕಳಿಗೆ ಒಂದು ಸ್ವಚ್ಛ ಪಾಯಿಖಾನಿ ಸಿಗೂದಿಲ್ಲ ಅಂತ ನಾವು ಎರಡು ತಾಸಿನ ಮ್ಯಾಲೆ ಎಲ್ಲೂ ಕುಂಡ್ರೂದಿಲ್ಲ, ಮನಿಯಿಂದ ಹೊಂಡೂ ಮುಂದ ನೀರು ಕುಡಿಯೂದಿಲ್ಲ. ಸಭ್ಯತೆ ಬಗ್ಗೆ ಮಾತಾಡೂದಿದ್ರ ಅಲ್ಲಿಂದ ಶುರು ಮಾಡ್ರಿ.

ವಿಡಿಯೋ ಹಾಕಿದಾಂವಗ: ನಿನ್ನ ಹೆಸರು ನಾ ಎಲ್ಲೂ ಬರೆದಿಲ್ಲ, ಬರೆಯೂದಿಲ್ಲ. ನೀ ನನಗ ಕೇಳಿದ ಸಾರಿ ನನಗ ಬ್ಯಾಡ. ಮುಂದಿನ ಸಲ ಕೆರಿ ದಂಡಿ ಮ್ಯಾಲೆ ಯಾರರ ಕುಂತಿದ್ರ, ತಾಳಿ ಐತೋ ಇಲ್ಲೋ ಜೂಮ್ ಮಾಡಿ ನೋಡಬ್ಯಾಡ. ಫೋನ್ ಕಿಸೆದಾಗ ಇಡು.

8/8

ಈ ಸರಣಿ ಅತ್ತಿ ಕಿವಿಗೂ ಬಿತ್ತು. ನಾದಿನಿ ಓದಿ ಹೇಳ್ಯಾಳ. ನಾ ಬೈಗಳಕ್ಕ ತಯಾರಾಗಿ ಕುಂತಿದ್ದೆ. ಅತ್ತಿ ಜ್ವಾಳ ಹಸನ ಮಾಡಕೋತ, ಮಾರಿ ಎತ್ತದ ಕೇಳಿದ್ರು: "ಕೆರಿ ಹತ್ರ ಕುಂಡ್ರಾಕ ಕಟ್ಟಿ ಐತೇನವಾ? ನೆಳ್ಳೈತಿ?"

ಐತಿ ಅಂದೆ.

ಆಮ್ಯಾಲೆ ಹೇಳಿದ್ರು. ಮದುವಿ ಆಗಿ ಇಪ್ಪತ್ತಾರು ವರ್ಷದಾಗ ಮಾವನ ಜೊತಿ ಇಬ್ಬರ ಹೊರಗ ಹೋಗಿದ್ದು ಒಂದ ಸಲ. ಹುಬ್ಬಳ್ಳಿಗೆ, ದವಾಖಾನಿಗೆ. ಪಿತ್ತಕೋಶದ ಕಲ್ಲು. ಆಪರೇಶನ್ ಬ್ಯಾಡ, ಗುಳಿಗಿ ಸಾಕು ಅಂತ ಡಾಕ್ಟರ್ ಹೇಳಿದ ಖುಷಿಗೆ ಮಾವ ಬಸ್‌ಸ್ಟ್ಯಾಂಡಿನಾಗ ಮೋಸಂಬಿ ಜ್ಯೂಸ್ ಕುಡಿಸಿದ್ರಂತ. ಒಂದ ಗ್ಲಾಸು. ಅವರು ಕುಡೀಲಿಲ್ಲ, ನಿಂತು ನೋಡಿದ್ರಂತ. "ಬಿಸಿಲು ಬಾಳ ಇತ್ತು. ಬಸ್ಸು ತಡ ಆತು. ತಡ ಆಗಿದ್ದ ಚೊಲೊ ಆತು" ಅಂದ್ರು ಅತ್ತಿ. ಅಷ್ಟು ಹೇಳಿ ಮೊರ ಕೊಡವಿ ಒಳಗ ಹೋದ್ರು.

ಆ ಗ್ಲಾಸಿನ ಬಣ್ಣ ಸುದ್ದಾ ಅವರಿಗೆ ನೆನಪೈತಿ. ಇಪ್ಪತ್ತಾರು ವರ್ಷಕ್ಕ ಒಂದು ಗ್ಲಾಸು, ಅದಕ್ಕೂ ಕಲ್ಲು ಆಗಬೇಕಾತು.

ರಾತ್ರಿ ಇವರ ಜೊತಿ ಮಾತಾಡಿದೆ. ಇವರು ಮಾವಗ ಹೇಳಾಕ ಮೂರು ದಿನ ತಗೊಂಡ್ರು. ಮಾವ ಮೊದಲು ಕೇಳಿದ್ದು, ಗೊತ್ತಲ್ಲ, "ಯಾಕ? ಏನ್ ಕೆಲಸೈತಿ ಗದಗಿನಾಗ?" ಇವರು ನೆಲ ನೋಡಕೋತ ನಿಂತ್ರು. ನಾ ಒಳಗಿಂದ ಅಂದೆ: "ಏನಿಲ್ರಿ ಮಾವಾ. ಸುಮ್ನ ಹೋಗಿ ಬರ್ರಿ."

ಇವತ್ತ ಮಧ್ಯಾಹ್ನ ಮೂರು ಗಂಟೆ ಬಸ್ಸಿಗೆ ಹೋದ್ರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ರು, ನಾಲ್ಕು ಹೆಜ್ಜಿ ಮುಂದ. ಅತ್ತಿ ಹಸಿರು ಇಳಕಲ್ ಸೀರಿ, ಹಿಂದ. ಕೈಯಾಗ ಖಾಲಿ ಚೀಲ. "ಅದ್ಯಾಕ್ರೀ ಅತ್ತಿ" ಅಂದ್ರ, "ಇರಲಿ, ಬರೂ ಮುಂದ ಎರಡು ಬದನಿಕಾಯಿ ತರತೀನಿ. ಓಣಿಯವ್ರು ಕೇಳಿದ್ರ ಬೇಕಾಗ್ತೈತಿ" ಅಂದ್ರು.

ಫೋಟೋ ತೆಗೀಲಿಲ್ಲ. ಈ ಭಾಗಕ್ಕ ಹಾಕಿದ್ದು ನಮ್ಮೂರ ಬಸ್‌ಸ್ಟಾಪಿನ ಖಾಲಿ ಕಟ್ಟಿ. ಈಗ ಸಂಜೆ ಆರೂವರಿ. ರೊಟ್ಟಿ ಮಾಡಿ ಮುಚ್ಚಿಟ್ಟೀನಿ. ಇನ್ನೂ ಬಂದಿಲ್ಲ.